ದೂರದ ಸೈಕಲ್ ಪ್ರವಾಸದಲ್ಲಿ ದೊಡ್ಡ ನಗರ ಬಂದರೆ: ಸುತ್ತಿ ಹೋಗಬೇಕಾ, ಒಳಗೇ ಹೋಗಬೇಕಾ? ಪೊಲೀಸರ ಜೊತೆ ಹೇಗೆ?

ದೂರದದಾರಿ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಕೆಲವು ತಿಂಗಳ ಸೈಕಲ್ ಪ್ರವಾಸಕ್ಕೆ ಹೊರಡುತ್ತಿದ್ದೇನೆ. ಹಲವು ದೇಶ ದಾಟುವ ದಾರಿ. ಏರು, ಬಿಸಿಲು, ಎದುರು ಗಾಳಿ ಇವುಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಚಿಂತೆ ಇರುವುದು ನಗರಗಳ ಬಗ್ಗೆ. ಚಕ್ರಗಳ ಪಕ್ಕಕ್ಕೆ ನೇತುಹಾಕುವ ನಾಲ್ಕು ಪ್ಯಾನಿಯರ್ ಬ್ಯಾಗು, ಟೆಂಟು, ನೀರು ಎಲ್ಲ ಸೇರಿದರೆ ಸೈಕಲ್ 40 ಕಿಲೋ ಹತ್ತಿರ ತೂಗುತ್ತದೆ. ಅದನ್ನು ಬಸ್ಸು, ಲಾರಿಗಳ ನಡುವೆ ತುಳಿಯುವುದು ನೆನೆಸಿಕೊಂಡರೇ ನಿದ್ದೆ ಬರುವುದಿಲ್ಲ.

ಎರಡು ಪ್ರಶ್ನೆ. ಒಂದು, ದೊಡ್ಡ ನಗರ ಬಂದಾಗೆಲ್ಲ ಬೈಪಾಸ್ ಹಿಡಿದು ಸುತ್ತಿ ಹೋಗುವುದು ಒಳ್ಳೆಯದಾ? ಎರಡು, ಪೊಲೀಸರು ತಡೆದರೆ, ಅಥವಾ ನಾನೇ ಅವರ ಹತ್ತಿರ ಹೋಗಬೇಕಾಗಿ ಬಂದರೆ ಹೇಗೆ? ಭಾಷೆ ಬರದ ಊರಿನಲ್ಲಿ ಪೊಲೀಸ್ ಅಂದರೆ ನನಗೆ ಒಳಗೊಳಗೇ ಅಳುಕು. ಅನುಭವ ಇರುವವರು ಹೇಳಿ.

ನಕ್ಷೆಹುಚ್ಚು

ಮೊದಲನೆಯದಕ್ಕೆ ನನ್ನ ಉತ್ತರ: ಬೈಪಾಸ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಜಾಸ್ತಿ ಮಂದಿ ಇಲ್ಲೇ ಎಡವುತ್ತಾರೆ. ನಕ್ಷೆಯಲ್ಲಿ ವರ್ತುಲ ರಸ್ತೆ ನೋಡಿದರೆ ನಗರದಿಂದ ದೂರ, ಸಿಗ್ನಲ್ ಇಲ್ಲ, ಆರಾಮ ಅನ್ನಿಸುತ್ತದೆ. ನಿಜದಲ್ಲಿ ಅಲ್ಲಿ ಲಾರಿಗಳು ಪೂರ್ತಿ ವೇಗದಲ್ಲಿರುತ್ತವೆ. ಪಕ್ಕದಿಂದ ಬಂದು ಸೇರುವ ರಸ್ತೆ, ಬಿಟ್ಟು ಹೋಗುವ ರಸ್ತೆ ಎರಡು ಕಡೆಯೂ ನಿಮ್ಮ ದಾರಿಗೆ ಅಡ್ಡ ಬರುತ್ತವೆ. ಎಷ್ಟೋ ದೇಶಗಳಲ್ಲಿ ಅಂಥ ರಸ್ತೆಗೆ ಸೈಕಲ್ ಇಳಿಸುವುದೇ ಕಾನೂನುಬಾಹಿರ. ಪೊಲೀಸರ ಜೊತೆ ನಿಮ್ಮ ಮೊದಲ ಭೇಟಿ ಅಲ್ಲೇ ಆಗಿಬಿಡುತ್ತದೆ, ಅದೂ ತಪ್ಪು ನಿಮ್ಮದೇ ಆಗಿರುವಾಗ.

ನಗರದ ಒಳಗೆ ವಾಹನಗಳು ನಿಧಾನ. ಅದೇ ನಿಮಗೆ ರಕ್ಷಣೆ. ಒಳಗೆ ಹೋಗಲು ನದಿ, ಕಾಲುವೆ, ಹಳೇ ರೈಲು ಹಳಿಯ ಜಾಗ ಹುಡುಕಿ. ಊರುಗಳು ಹುಟ್ಟಿದ್ದೇ ನೀರಿನ ಪಕ್ಕ, ಹಾಗಾಗಿ ದಂಡೆಯ ದಾರಿ ನೇರವಾಗಿ ಊರಿನ ನಡುವಿಗೆ ತಲುಪಿಸುತ್ತದೆ. ಜೊತೆಗೆ ಸಮತಟ್ಟು. ಯುರೋಪಿನ ಯೂರೋವೆಲೋ 6 ಎಂಬ ದೂರದ ಸೈಕಲ್ ಮಾರ್ಗವನ್ನು ನೋಡಿ. ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರದವರೆಗೆ ಹೋಗುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ನಾಲ್ಕೂ ರಾಜಧಾನಿಗಳನ್ನು ಡ್ಯಾನ್ಯೂಬ್ ನದಿಯನ್ನು ಹಿಡಿದುಕೊಂಡೇ ದಾಟುತ್ತದೆ.

ಇನ್ನು ಹೊತ್ತು. ಸಂಜೆ ಆರು ಗಂಟೆಗೆ ಸುಸ್ತಾಗಿ ದೊಡ್ಡ ನಗರಕ್ಕೆ ಕಾಲಿಡಬೇಡಿ. 20-30 ಕಿಲೋಮೀಟರ್ ಮೊದಲೇ ಯಾವುದಾದರೂ ಚಿಕ್ಕ ಊರಿನಲ್ಲಿ ಉಳಿದು, ಬೆಳಗಿನ ಜಾವ ಹೊರಟು ಒಳಗೆ ಹೋಗಿ. ವಾರದ ರಜೆ ದಿನ ಆದರೆ ಇನ್ನೂ ಉತ್ತಮ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದಿಂದ ಭಾನುವಾರ ಮತ್ತು ಹಬ್ಬದ ದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಮುಖ್ಯ ರಸ್ತೆಗಳಲ್ಲೇ ಕಾರುಗಳನ್ನು ತಡೆದು ಸೈಕಲ್ಲಿಗೆ, ನಡೆಯುವವರಿಗೆ ಬಿಡುತ್ತಾರೆ. ಸುಮಾರು 120 ಕಿಲೋಮೀಟರ್ ರಸ್ತೆ! ಅಂಥ ನಗರಕ್ಕೆ ಶನಿವಾರ ಸಂಜೆ ತಲುಪುವ ಬದಲು ಭಾನುವಾರ ಬೆಳಗ್ಗೆ ತಲುಪುವಂತೆ ಲೆಕ್ಕ ಹಾಕಿಕೊಂಡರೆ ಆಯಿತಲ್ಲ.

ಸಂಜೆಸವಾರಿ

ನಾನು ದೂರ ಪ್ರವಾಸ ಮಾಡುವವನಲ್ಲ. ದಿನಾ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುವವನು. ನಗರದೊಳಗೆ ತುಳಿಯುವ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ.

ನಿಂತ ಕಾರುಗಳ ಪಕ್ಕ ಒರಸಿಕೊಂಡು ಹೋಗಬೇಡಿ. ಬಾಗಿಲು ತೆರೆದರೆ ತಗಲದಷ್ಟು, ಕನಿಷ್ಠ ಒಂದು ಮೀಟರ್ ಅಂತರ ಬಿಡಿ. ನಿಮ್ಮ ಬ್ಯಾಗುಗಳು ಅಗಲ, ಆದ್ದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಬಿಡಿ. ಹಿಂದಿನಿಂದ ಹಾರ್ನ್ ಹೊಡೆದರೂ ಪರವಾಗಿಲ್ಲ. ಹಾರ್ನ್ ಹೊಡೆದ ಅಂದರೆ ನಿಮ್ಮನ್ನು ನೋಡಿದ್ದಾನೆ ಅಂತ ಅರ್ಥ. ಬಾಗಿಲು ತೆರೆಯುವವನು ನಿಮ್ಮನ್ನು ನೋಡಿರುವುದಿಲ್ಲ. ಬಾಗಿಲಿಗೆ ದೂರದ ಕೈಯಿಂದ ತೆರೆದರೆ ಭುಜ ತಾನಾಗಿ ತಿರುಗಿ ಹಿಂದೆ ಬರುವ ಸೈಕಲ್ ಕಾಣುತ್ತದೆ. ಬ್ರಿಟನ್ನಿನ ರಸ್ತೆ ನಿಯಮಾವಳಿಯಲ್ಲಿ 2022ರಲ್ಲಿ ಇದನ್ನು ಸೇರಿಸಿದರು. ಕಾರು ಓಡಿಸುವ ಗೆಳೆಯರಿಗೆಲ್ಲ ಇದನ್ನು ಕಲಿಸಿ.

ಟ್ರಾಮ್ ಹಳಿಯನ್ನು ಓರೆಯಾಗಿ ದಾಟಬೇಡಿ. ಚಕ್ರ ಸಂದಿಗೆ ಇಳಿದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ಆದಷ್ಟು ನೇರ ಕೋನದಲ್ಲಿ ದಾಟಿ. ಮಳೆ ಬಂದಿದ್ದರೆ ಇಳಿದು ತಳ್ಳಿಕೊಂಡು ಹೋಗಿ.

ಎಲ್ಲಕ್ಕಿಂತ ಮುಖ್ಯ, ಲಾರಿ. ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಪಕ್ಕದ ಸಂದಿಯಲ್ಲಿ ಮುಂದೆ ನುಗ್ಗಬೇಡಿ, ಅದರಲ್ಲೂ ಲಾರಿ ತಿರುಗುವ ಬದಿಯಲ್ಲಿ. ಚಾಲಕನಿಗೆ ಆ ಜಾಗ ಕಾಣುವುದೇ ಇಲ್ಲ. ತಿರುಗುವಾಗ ಲಾರಿಯ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಸೈಕಲ್ ಸವಾರ ಸಿಕ್ಕಿಕೊಳ್ಳುವುದು ಅಲ್ಲಿ. ಲಾರಿಯ ಹಿಂದೆಯೇ ನಿಂತು ಕಾಯಿರಿ. ಅರ್ಧ ನಿಮಿಷ ತಡವಾದರೆ ಏನಾಯಿತು?

ಗಲ್ಲಿಮೂಲೆ

ಸವಾರಿ ಬಗ್ಗೆ ಎಲ್ಲ ಸರಿ. ಪೊಲೀಸರ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ.

ನನಗೆ ಹಿಂದಿನಿಂದ ಕಾರು ತಗುಲಿ ಬಿದ್ದೆ. ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ನಾನು ಅಲ್ಲಿ ಮಲಗಿರುವಾಗ ಸ್ಥಳದಲ್ಲಿ ನಿಂತಿದ್ದ ಚಾಲಕನ ಮಾತು ಕೇಳಿ ವರದಿ ಬರೆದಾಗಿತ್ತು. "ಸೈಕಲ್ ಸವಾರ ಏಕಾಏಕಿ ಅಡ್ಡ ಬಂದ." ಅಷ್ಟೇ. ನನ್ನನ್ನು ಕೇಳಿದ್ದು ಆಮೇಲೆ, ಅದೂ ನಾನೇ ಠಾಣೆಗೆ ಹೋದಾಗ. ಅದನ್ನು ತಿದ್ದಿಸಲು ತಿಂಗಳುಗಟ್ಟಲೆ ಅಲೆದೆ. ರಸ್ತೆಯಲ್ಲಿ ಸೈಕಲ್ ಕಂಡರೆ ಬಹಳ ಪೊಲೀಸರಿಗೆ ಅದೊಂದು ಅಡ್ಡಿ. ಸರಿಯಿರಿ, ಬದಿಗೆ ಹೋಗಿ, ಇಲ್ಲಿ ನಿಲ್ಲಬೇಡಿ. ಇಷ್ಟೇ ಮಾತು. ಗೆಳೆಯ ದೂರದದಾರಿ, ಅವರಿಂದ ದೂರ ಇದ್ದಷ್ಟು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಳೆಪೇದೆ

ಗಲ್ಲಿಮೂಲೆ ಅವರೇ, ನಿಮಗೆ ಆದದ್ದು ಅನ್ಯಾಯ. ಅದನ್ನು ಸಣ್ಣದು ಮಾಡಿ ಮಾತಾಡುವುದಿಲ್ಲ. ನಾನು ಇಡೀ ವೃತ್ತಿಜೀವನ ಈ ಇಲಾಖೆಯಲ್ಲೇ ಕಳೆದವನು, ಈಗ ನಿವೃತ್ತ. ಹಾಗೆ ಯಾಕೆ ಆಗುತ್ತದೆ ಅಂತ ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಅಪಘಾತದ ಜಾಗಕ್ಕೆ ಬಂದ ಸಿಬ್ಬಂದಿಗೆ ಮೊದಲ ಕೆಲಸ ಗಾಯಾಳುವನ್ನು ಕಳಿಸುವುದು, ಎರಡನೆಯದು ರಸ್ತೆ ತೆರವು ಮಾಡುವುದು. ಆಗ ಉಳಿಯುವವನು ಚಾಲಕ ಒಬ್ಬನೇ. ಅವನ ಮಾತು ಮೊದಲು ಕಾಗದಕ್ಕೆ ಇಳಿಯುತ್ತದೆ. ಮೊದಲು ಇಳಿದದ್ದು ಆಮೇಲೆ ಎಲ್ಲ ಕಾಗದಗಳಿಗೂ ಹಬ್ಬುತ್ತದೆ. ಬ್ರೇಕಿನ ಗುರುತು, ಸೈಕಲ್ ಬಿದ್ದ ಜಾಗ, ಯಾವ ಬದಿಗೆ ಪೆಟ್ಟು ಬಿದ್ದಿದೆ ಎಂಬುದನ್ನು ಅಳೆದು ಬರೆದುಕೊಂಡರೆ ಹಿಂದಿನಿಂದ ಗುದ್ದಿದ್ದೋ ಅಡ್ಡ ಬಂದದ್ದೋ ಗೊತ್ತಾಗುತ್ತದೆ. ಅದನ್ನು ಮಾಡಬೇಕು. ಮಾಡದೇ ಇರುವುದು ತಪ್ಪು.

ಆದರೆ ಇದರ ಬೇರು ಇನ್ನೂ ಆಳದಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಸೈಕಲ್ ತುಳಿಯದವನಿಗೆ ಸೈಕಲ್ ಸವಾರ ಯಾಕೆ ಗುಂಡಿ ತಪ್ಪಿಸಿದ, ಯಾಕೆ ನಡು ರಸ್ತೆಗೆ ಬಂದ ಅನ್ನುವುದು ತಿಳಿಯುವುದಿಲ್ಲ. 1829ರಲ್ಲಿ ಲಂಡನ್ನಿನಲ್ಲಿ ಮಹಾನಗರ ಪೊಲೀಸ್ ಪಡೆ ಶುರುವಾದಾಗ ಪೇದೆ ತನ್ನ ಬೀದಿಯನ್ನು ನಡೆದೇ ನೋಡಬೇಕಿತ್ತು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ಮೂಲೆಯಲ್ಲಿ ದೀಪ ಇಲ್ಲ ಅವನಿಗೆ ಗೊತ್ತಿರುತ್ತಿತ್ತು. ಆಮೇಲೆ ಕಾರು ಬಂತು, ರೇಡಿಯೋ ಬಂತು. ಕರೆ ಬಂದ ಕಡೆಗೆ ಬೇಗ ತಲುಪಬಹುದು, ಅದು ನಿಜ. ಆದರೆ ಕಾರಿನ ಗಾಜಿನ ಹಿಂದೆ ಕುಳಿತವನಿಗೆ ಬೀದಿ ಅಂದರೆ ಬರೀ ಟ್ರಾಫಿಕ್ ಆಯಿತು.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ 1972-73ರಲ್ಲಿ ಕೆಲವು ಪ್ರದೇಶಗಳಲ್ಲಿ ಕಾರಿನ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು, ಕೆಲವು ಕಡೆ ಪೂರ್ತಿ ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು, ಕೆಲವು ಕಡೆ ಹಳೇ ರೀತಿಯೇ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಜನರಿಗೆ ಗಸ್ತು ಹೆಚ್ಚಾಯಿತೋ ಕಡಿಮೆಯಾಯಿತೋ ಅನ್ನುವುದೂ ಅಷ್ಟಾಗಿ ತಿಳಿಯಲಿಲ್ಲ. 1978-79ರಲ್ಲಿ ನ್ಯೂವಾರ್ಕ್ ನಗರದಲ್ಲಿ ಕಾಲ್ನಡಿಗೆಯ ಗಸ್ತನ್ನು ಹೀಗೆಯೇ ಪರೀಕ್ಷಿಸಿದರು. ಅಲ್ಲೂ ಅಪರಾಧದ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಆದರೆ ಜನರಿಗೆ ವ್ಯತ್ಯಾಸ ಕೂಡಲೇ ಗೊತ್ತಾಯಿತು. ಭಯ ಕಡಿಮೆಯಾಯಿತು, ಪೊಲೀಸರ ಬಗ್ಗೆ ಅಭಿಪ್ರಾಯ ಸುಧಾರಿಸಿತು. ಎರಡೂ ಫಲಿತಾಂಶ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಪೊಲೀಸ್ ಯಾವ ವೇಗದಲ್ಲಿ ಓಡಾಡುತ್ತಾನೆ ಅನ್ನುವುದರ ಮೇಲೆ ಅವನು ಯಾರನ್ನು ನೋಡುತ್ತಾನೆ ಅನ್ನುವುದು ನಿಂತಿದೆ.

ಸೈಕಲ್ ಪೊಲೀಸ್ ಹೊಸದೇನಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1895ರಲ್ಲಿ ನ್ಯೂಯಾರ್ಕ್ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದಾಗ ಸೈಕಲ್ ದಳ ಶುರುವಾಯಿತು. ಬೆದರಿ ಓಡುವ ಕುದುರೆಗಾಡಿಗಳನ್ನು ಬೆನ್ನಟ್ಟಿ ನಿಲ್ಲಿಸುವುದೂ ಅವರ ಕೆಲಸ. 1899ರಲ್ಲಿ ಅದೇ ನಗರದಲ್ಲಿ ಗಂಟೆಗೆ 12 ಮೈಲಿ, ಅಂದರೆ ಸುಮಾರು 19 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಎಲೆಕ್ಟ್ರಿಕ್ ಟ್ಯಾಕ್ಸಿಯ ಚಾಲಕನನ್ನು ಬೆನ್ನಟ್ಟಿ ಹಿಡಿದವನು ಸೈಕಲ್ಲಿನ ಪೊಲೀಸ್. ಆಮೇಲೆ ಮೋಟಾರು ಎಲ್ಲವನ್ನೂ ಹಿಂದಕ್ಕೆ ತಳ್ಳಿತು. 1987ರಲ್ಲಿ ಸಿಯಾಟಲ್‌ನಲ್ಲಿ ನಗರದ ನಡುವಿನ ರಸ್ತೆಗಳನ್ನು ಅಗೆದುಹಾಕಿದ್ದರು, ಪೊಲೀಸ್ ಕಾರುಗಳು ಸಿಕ್ಕಿಕೊಳ್ಳುತ್ತಿದ್ದವು. ಇಬ್ಬರು ಪೊಲೀಸರು ಸೈಕಲ್ ಹತ್ತಿದರು. ಅಲ್ಲಿಂದ ಈಗಿನ ಸೈಕಲ್ ಗಸ್ತು ಮತ್ತೆ ಹಲವು ನಗರಗಳಿಗೆ ಹರಡಿತು. ಸೈಕಲ್ಲಿನ ಪೊಲೀಸ್ ಸದ್ದಿಲ್ಲದೆ ಬರುತ್ತಾನೆ. ಜನ ಅವನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಕಾರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಯಾರು ಮಾತಾಡಿಸುತ್ತಾರೆ ಹೇಳಿ?

ದೂರದದಾರಿ, ನಗರಕ್ಕೆ ಹೋದಾಗ ನಡೆದು ಅಥವಾ ಸೈಕಲ್ಲಿನಲ್ಲಿ ಗಸ್ತು ತಿರುಗುವ ಪೊಲೀಸ್ ಕಂಡರೆ ಅವನನ್ನು ತಪ್ಪಿಸಿಕೊಂಡು ಹೋಗಬೇಡಿ. ನೇರ ಹೋಗಿ ದಾರಿ ಕೇಳಿ. ಯಾವ ರಸ್ತೆ ಸೈಕಲ್ಲಿಗೆ ಕೆಟ್ಟದ್ದು, ರಾತ್ರಿ ಯಾವ ಕಡೆ ಹೋಗಬಾರದು ಎಂಬುದನ್ನು ಅವನಷ್ಟು ಸರಿಯಾಗಿ ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಸಂಜೆಸವಾರಿ

ಹಳೆಪೇದೆ ಸರ್, "ಯಾವ ವೇಗದಲ್ಲಿ ಓಡಾಡುತ್ತಾನೆ" ಅನ್ನುವ ಮಾತು ಮನಸ್ಸಿಗೆ ನಾಟಿತು. ನಮ್ಮ ರಸ್ತೆಯಲ್ಲಿ ದಿನಾ ನೋಡುತ್ತೇನೆ. ಬೆಳಗ್ಗೆ ಕಸ ಗುಡಿಸುವವರು, ಪೇಪರ್ ಹಾಕುವ ಹುಡುಗರು, ಶಾಲೆ ಮಕ್ಕಳನ್ನು ರಸ್ತೆ ದಾಟಿಸುವವರು, ಇವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು. ಏನಾದರೂ ಸರಿಯಿಲ್ಲ ಅನ್ನಿಸಿದರೆ ಮೊದಲು ತಿಳಿಯುವುದು ಇವರಿಗೆ. ಪೊಲೀಸರು ಈ ಜನರ ನಡುವೆ ಇದ್ದರೆ ಅರ್ಧ ಕೆಲಸ ಆದಂತೆ.

ಗಲ್ಲಿಮೂಲೆ

ಸರ್, ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ. ಆದರೂ ನನ್ನ ಮಾತು ಬಿಡುವುದಿಲ್ಲ. ಸೈಕಲ್ ಮೇಲೆ ಕೂತರೆ ಸಾಲದು, ಸೈಕಲ್ ಸವಾರನ ಪರವಾಗಿ ಕಾನೂನು ಜಾರಿ ಮಾಡಬೇಕು. ದಾರಿ ತೋರಿಸುವ ಒಳ್ಳೆಯ ಪೊಲೀಸ್ ಬೇರೆ, ನಮ್ಮನ್ನು ಒರಸಿಕೊಂಡು ಹೋದ ಕಾರನ್ನು ಹಿಡಿಯುವ ಪೊಲೀಸ್ ಬೇರೆ. ನನಗೆ ಬೇಕಿರುವುದು ಎರಡನೆಯವನು.

ಅದು ಆಗದ ಕೆಲಸ ಅಂತ ಯಾರೂ ಹೇಳಬೇಡಿ. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಮಾಡಿ ತೋರಿಸಿದರು. ಪೊಲೀಸರೇ ಸಾದಾ ಬಟ್ಟೆಯಲ್ಲಿ ಸೈಕಲ್ ತುಳಿದರು. ಯಾರು ತೀರಾ ಹತ್ತಿರದಿಂದ ಹಿಂದಿಕ್ಕುತ್ತಾರೋ ಅವರ ಬಗ್ಗೆ ಮುಂದೆ ನಿಂತ ಸಹೋದ್ಯೋಗಿಗಳಿಗೆ ತಿಳಿಸುತ್ತಿದ್ದರು. ಗಾಡಿ ನಿಲ್ಲಿಸಿ, ನೆಲದ ಮೇಲೆ ಚಾಪೆ ಹಾಸಿ, ಸೈಕಲ್ಲಿಗೆ ಎಷ್ಟು ಜಾಗ ಬಿಡಬೇಕು ಅಂತ ಚಾಲಕರಿಗೆ ಕಣ್ಣಾರೆ ತೋರಿಸಿದರು. ತೀರಾ ಕೆಟ್ಟದಾಗಿ ಓಡಿಸಿದವರ ಮೇಲೆ ಕೇಸು. ಒಂದೂವರೆ ಮೀಟರ್ ಅಂದರೆ ಎಷ್ಟು ಅಂತ ಸ್ಟೀರಿಂಗ್ ಹಿಡಿದ ಬಹಳ ಜನರಿಗೆ ಅಂದಾಜೇ ಇಲ್ಲ. ಆಮೇಲೆ ಬ್ರಿಟನ್ನಿನ ಬೇರೆ ಪೊಲೀಸ್ ಪಡೆಗಳೂ ಇದನ್ನು ಕಲಿತವು.

ಹಳೆಪೇದೆ

ಇದನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಕೆಲಸ ಮಾಡಿದ್ದು ಯಾಕೆ ಗೊತ್ತಾ? ದೂರು ಬರೆಯುವವನೇ ಸೀಟಿನ ಮೇಲೆ ಕೂತಿದ್ದ. ಕಾರು ಮೊಣಕೈ ಪಕ್ಕ ಹೋದಾಗ ಆಗುವ ನಡುಕ ಅವನಿಗೇ ಆಯಿತು. ನೀವು ಹೇಳುತ್ತಿರುವುದಕ್ಕೂ ನಾನು ಹೇಳುತ್ತಿರುವುದಕ್ಕೂ ದೂರ ಇಲ್ಲ.

ಒಂಟಿಪಯಣಿಗಿತ್ತಿ

ಚರ್ಚೆ ಓದುತ್ತಿದ್ದೆ, ಒಂದು ಕಡೆಯ ಮಾತು ಬಾಕಿ ಉಳಿದಿದೆ ಅನ್ನಿಸಿತು. ನಾನು ಒಬ್ಬಳೇ ದೂರ ಹೋಗುವವಳು. ಹೆಂಗಸರಿಗೆ ಪೊಲೀಸ್ ಭೇಟಿಯ ಲೆಕ್ಕ ಸ್ವಲ್ಪ ಬೇರೆ.

ಟೆಂಟ್ ಹಾಕಲು ಜಾಗ ಸಿಗದಾಗ ಚಿಕ್ಕ ಊರಿನ ಠಾಣೆಗೆ ಹೋಗಿ ಕೇಳುವುದು ದೂರ ಪ್ರವಾಸದವರಲ್ಲಿ ಹಳೇ ರೂಢಿ. ಬಹಳ ದೇಶಗಳಲ್ಲಿ ಕೆಲಸ ಮಾಡುತ್ತದೆ. ಠಾಣೆಯ ಹಿಂದೆ ಜಾಗ ಕೊಡುತ್ತಾರೆ, ಇಲ್ಲವೇ ಶಾಲೆ, ಅಗ್ನಿಶಾಮಕ ಠಾಣೆ, ಪೂಜಾಸ್ಥಳ ಯಾವುದಕ್ಕಾದರೂ ಹೇಳಿ ಕಳಿಸುತ್ತಾರೆ. ಆದರೆ ನಾನು ಎರಡು ವಿಷಯ ನೋಡಿಕೊಳ್ಳುತ್ತೇನೆ. ಕತ್ತಲಾಗುವ ಮೊದಲೇ ಹೋಗುತ್ತೇನೆ. ಒಳಗೆ ಮಹಿಳಾ ಸಿಬ್ಬಂದಿ ಇದ್ದಾರಾ ಅಂತ ಮುಚ್ಚುಮರೆ ಇಲ್ಲದೆ ಕೇಳುತ್ತೇನೆ. ವಾತಾವರಣ ಸರಿ ಕಾಣದಿದ್ದರೆ ದಾರಿ ಕೇಳಿದವಳ ಹಾಗೆ ಮಾತು ಮುಗಿಸಿ ಹೊರಡುತ್ತೇನೆ. ಠಾಣೆ ಅಂದ ಮಾತ್ರಕ್ಕೆ ನಂಬಬೇಕಿಲ್ಲ, ಠಾಣೆ ಅಂದ ಮಾತ್ರಕ್ಕೆ ಹೆದರಬೇಕಾಗಿಯೂ ಇಲ್ಲ. ಅಲ್ಲಿರುವ ಮನುಷ್ಯರನ್ನು ನೋಡಿ ತೀರ್ಮಾನ ಮಾಡಿ.

ರಾತ್ರಿ ಯಾರಾದರೂ "ಪೊಲೀಸ್" ಅಂತ ತಡೆದರೆ ಬೆಳಕಿರುವ, ಜನ ಇರುವ ಜಾಗಕ್ಕೆ ಹೋಗಿ ನಿಲ್ಲಿ. ಗುರುತಿನ ಚೀಟಿ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಅನುಮಾನ ಬಂದರೆ ಅವರ ಮುಂದೆಯೇ ತುರ್ತು ಸಂಖ್ಯೆಗೆ ಫೋನ್ ಮಾಡಿ. ನಿಜವಾದ ಪೊಲೀಸ್ ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲಿ ಆ ಸಂಖ್ಯೆ 112. ಅಮೆರಿಕ, ಕೆನಡಾದಲ್ಲಿ 911. ಜಪಾನಿನಲ್ಲಿ ಪೊಲೀಸರಿಗೆ 110, ಆಂಬ್ಯುಲೆನ್ಸಿಗೆ 119. ಗಡಿ ದಾಟಿದ ದಿನವೇ ಆಯಾ ದೇಶದ ಸಂಖ್ಯೆಯನ್ನು ಹ್ಯಾಂಡಲ್ ಬ್ಯಾಗಿನ ಒಳಗೆ ಚೀಟಿಯಲ್ಲಿ ಬರೆದಿಡುತ್ತೇನೆ. ಬಿದ್ದು ಫೋನ್ ಒಡೆದರೆ ಬೇರೆಯವರ ಫೋನಿನಿಂದ ಮಾಡಬೇಕಲ್ಲ.

ಇನ್ನೊಂದು. ಕೆಲವು ಕಡೆ ನಿಮ್ಮ ಸುರಕ್ಷತೆಗೆ ಅಂತ ಪೊಲೀಸ್ ಗಾಡಿ ಹಿಂದೆಯೇ ಬರುತ್ತದೆ. ಮೈಲಿಗಟ್ಟಲೆ. ಒಳ್ಳೆಯ ಮನಸ್ಸಿನಿಂದ ಮಾಡುತ್ತಾರೆ, ಆದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ತುಳಿಯಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಆ ಪ್ರದೇಶದಲ್ಲಿ ಅಪಾಯ ನಿಜವಾಗಿ ಇದೆಯಾ, ಅಥವಾ ಒಬ್ಬ ಹೆಣ್ಣುಮಗಳು ತಮ್ಮ ಸರಹದ್ದಿನಲ್ಲಿ ಇದ್ದಾಳೆ ಎಂಬ ಆತಂಕ ಮಾತ್ರವಾ, ಅದನ್ನು ಕೇಳಿ ತಿಳಿದುಕೊಳ್ಳಿ. ಅಪಾಯ ನಿಜವಾದರೆ ಸುಮ್ನೆ ಒಪ್ಪಿಕೊಳ್ಳಿ.

ಚೈನೆಣ್ಣೆ

ನಾನು ಸೈಕಲ್ ರಿಪೇರಿ ಮಾಡುವವನು. ಕಳ್ಳತನದ ಬಗ್ಗೆ ಯಾರೂ ಹೇಳಲಿಲ್ಲ. ಹಳ್ಳಿ ದಾರಿಯಲ್ಲಿ ತಿಂಗಳುಗಟ್ಟಲೆ ಸುರಕ್ಷಿತವಾಗಿ ಬಂದ ಸೈಕಲ್ ನಗರದಲ್ಲಿ ಹತ್ತು ನಿಮಿಷದಲ್ಲಿ ಮಾಯವಾಗುತ್ತದೆ.

ಹೈನ್ಸ್ ಸ್ಟ್ಯೂಕೆ ಎಂಬ ಜರ್ಮನಿಯ ಸವಾರ 1962ರಲ್ಲಿ ಹೊರಟು ದಶಕಗಳ ಕಾಲ ಜಗತ್ತು ಸುತ್ತಿದರು. ಅಂಥವರ ಸೈಕಲ್ಲನ್ನೂ ಕಳ್ಳರು ಬಿಡಲಿಲ್ಲ. 2006ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದಲ್ಲಿ ಕದ್ದರು. ಸುದ್ದಿ ಎಲ್ಲ ಕಡೆ ಹಬ್ಬಿತು, ಸೈಕಲ್ ಮತ್ತೆ ಸಿಕ್ಕಿತು. ಅದು ನೋಡಿದ ಕೂಡಲೇ ಗುರುತು ಸಿಗುವ ಸೈಕಲ್. ನಮ್ಮ ನಿಮ್ಮ ಸೈಕಲ್ ಹಾಗಲ್ಲ. ಕಪ್ಪು ಬಣ್ಣದ ಪ್ರವಾಸಿ ಸೈಕಲ್ ಕಳೆದಿದೆ ಅಂತ ಠಾಣೆಗೆ ಹೋದರೆ ಅವರು ಏನು ಹುಡುಕಬೇಕು?

ಹೊರಡುವ ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ಅಚ್ಚು ಕೂರುವ ಕೊಳವೆಯ ಅಡಿಭಾಗ ನೋಡಿ. ಹೆಚ್ಚಿನ ಸೈಕಲ್ಲುಗಳಲ್ಲಿ ಫ್ರೇಮ್ ನಂಬರ್ ಅಲ್ಲೇ ಕೊರೆದಿರುತ್ತದೆ. ಫೋಟೋ ತೆಗೆಯಿರಿ. ಕೊಂಡ ರಸೀದಿ, ಪೂರ್ತಿ ಸೈಕಲ್ಲಿನ ಫೋಟೋ, ಗೀರು, ಸ್ಟಿಕ್ಕರ್ ಕಾಣುವಂಥ ಹತ್ತಿರದ ಫೋಟೋ ಎಲ್ಲ ಈಮೇಲಿನಲ್ಲಿ ನಿಮಗೇ ಕಳಿಸಿಕೊಳ್ಳಿ. ಕದ್ದ ಸೈಕಲ್ ಪೊಲೀಸರಿಗೆ ಸಿಗುವುದೇ ಇಲ್ಲ ಅಂತಲ್ಲ. ಸಿಕ್ಕ ಸೈಕಲ್ ಯಾರದ್ದು ಅಂತ ಗೊತ್ತಾಗದೆ ಗೋದಾಮಿನಲ್ಲಿ ಬಿದ್ದಿರುತ್ತವೆ. ನಂಬರ್ ಇದ್ದರೆ ವಾಪಸ್ ಬರುವ ದಾರಿ ಇರುತ್ತದೆ.

ಕೆಲವು ದೇಶಗಳು ಇದನ್ನು ಕಾನೂನಿನಲ್ಲೇ ತಂದಿವೆ. ಜಪಾನಿನಲ್ಲಿ ಸೈಕಲ್ ನೋಂದಣಿ ಕಡ್ಡಾಯ, ಫ್ರೇಮಿನ ಮೇಲೆ ಚೀಟಿ ಅಂಟಿಸಿರುತ್ತಾರೆ, ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಅದನ್ನು ನೋಡುವುದು ಮಾಮೂಲು. ಹೊರಗಿನಿಂದ ತಂದ ಸೈಕಲ್ಲಿಗೆ ಆ ಚೀಟಿ ಇರುವುದಿಲ್ಲ, ಆದ್ದರಿಂದ ರಸೀದಿಯ ಪ್ರತಿ ಜೊತೆಗಿರಲಿ. ಫ್ರಾನ್ಸಿನಲ್ಲಿ 2021ರಿಂದ ಅಂಗಡಿಯಲ್ಲಿ ಮಾರುವ ಹೊಸ ಸೈಕಲ್ಲಿಗೆ ಗುರುತಿನ ಸಂಖ್ಯೆ ಹಾಕಲೇಬೇಕು.

ಬೀಗದ ಬಗ್ಗೆ: ಎರಡು ಬೇರೆ ಬೇರೆ ಬಗೆಯ ಬೀಗ ಹಾಕಿ. ಒಂದು ಗಟ್ಟಿ ಯು ಆಕಾರದ್ದು, ಫ್ರೇಮ್ ಮತ್ತು ಹಿಂದಿನ ಚಕ್ರಕ್ಕೆ. ಇನ್ನೊಂದು ಸರಪಳಿ, ಮುಂದಿನ ಚಕ್ರಕ್ಕೆ. ತೆಳು ಕೇಬಲ್ ಬೀಗ ಕಟ್ಟರ್ ಮುಂದೆ ದಾರದ ಲೆಕ್ಕ. ನಗರದಲ್ಲಿ ಉಳಿಯುವ ಜಾಗ ಆರಿಸುವಾಗ ಸೈಕಲ್ ಒಳಗೆ ಇಡಲು ಬಿಡುತ್ತಾರಾ ಅಂತ ಮೊದಲು ಕೇಳಿ, ಆಮೇಲೆ ಉಳಿದ ಮಾತು.

ನಕ್ಷೆಹುಚ್ಚು

ಜಪಾನಿನ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಅಲ್ಲಿ ಬೀದಿ ಬೀದಿಗೆ ಕೋಬಾನ್ ಅನ್ನುವ ಚಿಕ್ಕ ಪೊಲೀಸ್ ಕಟ್ಟೆ ಇರುತ್ತದೆ. ದಾರಿ ಕೇಳುವುದು, ಕಳೆದ ವಸ್ತು ಒಪ್ಪಿಸುವುದು, ಹುಡುಕುವುದು ಎಲ್ಲ ಅಲ್ಲೇ. ಗೋಡೆಯ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ. ಹಳೆಪೇದೆ ಸರ್ ಹೇಳಿದ್ದು ಅಲ್ಲಿ ದಿನನಿತ್ಯದ ಬದುಕಾಗಿ ಉಳಿದಿದೆ.

ಇನ್ನು ನಿಯಮಗಳು. ಗಡಿ ದಾಟಿದರೆ ನಿಯಮ ಬದಲಾಗುತ್ತದೆ. ದಂಡ ಬೀಳುವುದು ಹೆಚ್ಚಾಗಿ ಇದು ಗೊತ್ತಿಲ್ಲದೆ. ಸ್ಪೇನಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ದೊಡ್ಡವರಿಗೂ ಹೆಲ್ಮೆಟ್ ಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಊರ ಒಳಗೂ ಬೇಕು. ಫ್ರಾನ್ಸ್, ಇಟಲಿಗಳಲ್ಲಿ ರಾತ್ರಿ ಊರ ಹೊರಗೆ ಹೊಳೆಯುವ ಮೇಲಂಗಿ ಕಡ್ಡಾಯ. ಇಟಲಿಯ ಸುರಂಗಗಳಲ್ಲಿ ಹಗಲೂ ಬೇಕು. ಡೆನ್ಮಾರ್ಕಿನಲ್ಲಿ (ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ) ಎಡಕ್ಕೆ ತಿರುಗಬೇಕಾದರೆ ಕಾರುಗಳ ಜೊತೆ ನಡುವಿಗೆ ಹೋಗುವಂತಿಲ್ಲ. ನೇರ ಆಚೆ ಮೂಲೆಗೆ ಹೋಗಿ ನಿಂತು ಅಲ್ಲಿಂದ ದಾಟಬೇಕು. ಅಮೆರಿಕದ ಐಡಹೋ ರಾಜ್ಯದಲ್ಲಿ 1982ರಿಂದ ಸ್ಟಾಪ್ ಫಲಕದ ಹತ್ತಿರ ಸೈಕಲ್ ಸವಾರ ಪೂರ್ತಿ ನಿಲ್ಲಬೇಕಿಲ್ಲ, ನಿಧಾನಿಸಿ ಬೇರೆಯವರಿಗೆ ದಾರಿ ಬಿಟ್ಟು ಹೋಗಬಹುದು. ಅದೇ ಅಭ್ಯಾಸವನ್ನು ಬೇರೆ ರಾಜ್ಯಕ್ಕೆ ತೆಗೆದುಕೊಂಡು ಹೋದರೆ ದಂಡದ ಚೀಟಿ ಸಿಗಬಹುದು. ಜರ್ಮನಿಯಲ್ಲಿ ಕಾರುಗಳು ನಿಮ್ಮನ್ನು ಹಿಂದಿಕ್ಕುವಾಗ ಊರೊಳಗೆ ಒಂದೂವರೆ ಮೀಟರ್, ಹೊರಗೆ ಎರಡು ಮೀಟರ್ ಅಂತರ ಬಿಡಬೇಕು ಅಂತ 2020ರಲ್ಲಿ ಸಂಖ್ಯೆ ಸಮೇತ ಬರೆದರು. ನಿಮ್ಮ ಹಕ್ಕೂ ಗೊತ್ತಿರಲಿ.

ದೀಪ ಎಲ್ಲ ಕಡೆ ಬೇಕು. ಮುಂದೆ ಬಿಳಿ, ಹಿಂದೆ ಕೆಂಪು. ಇದೊಂದು ಸರಿ ಇದ್ದರೆ ರಾತ್ರಿ ತಡೆಯುವ ಅರ್ಧ ಕಾರಣ ಹೋಯಿತು. ಹಿಂದಿನ ದೀಪವನ್ನು ಬ್ಯಾಗು ಮುಚ್ಚದಂತೆ ಕ್ಯಾರಿಯರಿಗೆ ಕಟ್ಟಿ. ಬಹಳ ಜನ ಸೀಟಿನ ಕೆಳಗೆ ಕಟ್ಟಿ ಮೇಲೆ ಟೆಂಟ್ ಹೇರುತ್ತಾರೆ, ಹಿಂದಿನಿಂದ ಏನೂ ಕಾಣುವುದಿಲ್ಲ.

ದೂರದದಾರಿ

ಎಷ್ಟೊಂದು ವಿಷಯ! ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಬೈಪಾಸ್ ಯೋಚನೆ ಕೈಬಿಟ್ಟೆ. ನಗರಗಳ ದಿನಗಳನ್ನು ಮತ್ತೆ ಲೆಕ್ಕ ಹಾಕುತ್ತೇನೆ.

ಹಳೆಪೇದೆ ಸರ್, ಒಂದು ಕೇಳಲೇ? ಭಾಷೆ ಬರದ ದೇಶದಲ್ಲಿ ಠಾಣೆಗೆ ಕರೆದುಕೊಂಡು ಹೋದರೆ ಏನು ಮಾಡಬೇಕು? ಸ್ಥಳದಲ್ಲೇ ದಂಡ ಕಟ್ಟು ಅಂದರೆ? ಗಲ್ಲಿಮೂಲೆ ಅವರಿಗೆ ಆದಂತೆ ನನಗೂ ಆಗಿ, ನಾನು ಆ ದೇಶ ಬಿಟ್ಟು ಮುಂದೆ ಹೋಗಬೇಕಾಗಿದ್ದರೆ?

ಹಳೆಪೇದೆ

ತಪ್ಪದೆ ಹೇಳುತ್ತೇನೆ.

ತಡೆದ ಕೂಡಲೇ ಸೈಕಲ್ಲಿನಿಂದ ಇಳಿಯಿರಿ. ಕಪ್ಪು ಕನ್ನಡಕ ತೆಗೆಯಿರಿ. ಕೈ ಕಾಣುವಂತಿರಲಿ, ಬ್ಯಾಗಿನೊಳಗೆ ಕೈ ಹಾಕುವ ಮೊದಲು ಹೇಳಿ ಹಾಕಿ. ನಕ್ಷೆ ತೋರಿಸಿ ಎಲ್ಲಿಂದ ಎಲ್ಲಿಗೆ ಅಂತ ಬೆರಳಿಟ್ಟು ಹೇಳಿ. ದೂರದಿಂದ ತುಳಿದು ಬಂದವರು ಅಂತ ಗೊತ್ತಾದರೆ ತಡೆದವನ ಮುಖವೇ ಬದಲಾಗುವುದನ್ನು ನಾನು ನೋಡಿದ್ದೇನೆ. ನಾನೂ ಹಾಗೆ ತಡೆದು ಮಾತಾಡಿಸಿದ್ದುಂಟು. ಬರೀ ಕುತೂಹಲ.

ಸ್ಥಳದಲ್ಲಿ ದಂಡ ಕಟ್ಟುವ ಪದ್ಧತಿ ಎಷ್ಟೋ ದೇಶಗಳಲ್ಲಿ ಕಾನೂನು ಪ್ರಕಾರವೇ ಇದೆ. ರಸೀದಿ ಕೇಳಿ. ರಸೀದಿ ಕೊಡುವುದಿಲ್ಲ ಅಂದರೆ ಠಾಣೆಗೆ ಬಂದು ಕಟ್ಟುತ್ತೇನೆ ಅಂತ ನಗುಮುಖದಿಂದ ಹೇಳಿ. ಆತುರ ತೋರಿಸಬೇಡಿ. ಹೊತ್ತು ನಿಮ್ಮ ಹತ್ತಿರ ಜಾಸ್ತಿ ಇದೆ ಅಂತ ಅವರಿಗೆ ಗೊತ್ತಾದರೆ ಸಾಕು.

ಬಂಧಿಸಿದರೆ ಅಥವಾ ಠಾಣೆಯಲ್ಲಿ ಕೂಡಿಟ್ಟರೆ ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳಿ. ರಾಯಭಾರ ನೆರವಿನ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದು. ಬಂಧಿಸಿದ ವಿದೇಶಿಯನಿಗೆ ಈ ಹಕ್ಕು ಇದೆ ಅಂತ ತಡಮಾಡದೆ ಹೇಳುವುದು ಪೊಲೀಸರ ಕರ್ತವ್ಯ. ಹೇಳದಿದ್ದರೆ ನೀವೇ ಕೇಳಿ. ಕಚೇರಿಯ ಫೋನ್ ನಂಬರ್ ಕಾಗದದ ಮೇಲೆ ಇರಲಿ. ಓದಲು ಬಾರದ ಹೇಳಿಕೆಗೆ ಸಹಿ ಹಾಕಬೇಡಿ. ದುಭಾಷಿ ಬೇಕು ಅನ್ನಿ. ಎಷ್ಟು ಹೊತ್ತಾದರೂ ಕಾಯಿರಿ.

ಗಡಿ ಜಿಲ್ಲೆ, ಸೇನೆಯ ಪ್ರದೇಶಗಳಿಗೆ ಪರವಾನಗಿ ಬೇಕಾಗಬಹುದು. ಇದು ಇವತ್ತಿನ ಕಥೆಯಲ್ಲ. ದೊಡ್ಡ ಮುಂಚಕ್ರದ ಸೈಕಲ್ಲಿನಲ್ಲಿ 1884ರಿಂದ 1886ರವರೆಗೆ ಜಗತ್ತು ಸುತ್ತಿದ ಥಾಮಸ್ ಸ್ಟೀವನ್ಸ್ ಅವರನ್ನೇ ಅಫ್ಘಾನಿಸ್ತಾನದಲ್ಲಿ ಹಿಡಿದು ಗಡಿಯಿಂದ ಹಿಂದಕ್ಕೆ ಕಳಿಸಿದ್ದರು. ಅವರು ಬೇರೆ ದಾರಿ ಹಿಡಿಯಬೇಕಾಯಿತು. ಸಾಧ್ಯವಿಲ್ಲ ಅಂದ ಕಡೆ ವಾದ ಮಾಡಿ ಪ್ರಯೋಜನ ಇಲ್ಲ.

ಗಲ್ಲಿಮೂಲೆ

ಅಪಘಾತದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಅಲೆದು ಕಲಿತದ್ದು.

ಬಿದ್ದ ಜಾಗದಲ್ಲಿ ಪ್ರಜ್ಞೆ ಇದ್ದರೆ, ಸೈಕಲ್ಲನ್ನು ಎತ್ತುವ ಮೊದಲೇ ಫೋಟೋ ತೆಗೆಯಿರಿ ಅಥವಾ ಪಕ್ಕದವರಿಗೆ ತೆಗೆಯಲು ಹೇಳಿ. ಗಾಡಿಯ ನಂಬರ್, ಗಾಡಿ ನಿಂತ ಜಾಗ, ನಿಮ್ಮ ಹಿಂದಿನ ಚಕ್ರ. ನಿಂತು ನೋಡಿದ ಒಬ್ಬರ ಫೋನ್ ನಂಬರ್ ಸಾಕು. ಜನ ಎರಡು ನಿಮಿಷದಲ್ಲಿ ಚದುರಿಬಿಡುತ್ತಾರೆ. "ನನಗೇನೂ ಆಗಿಲ್ಲ" ಅಂತ ಮಾತ್ರ ಹೇಳಬೇಡಿ. ಪೆಟ್ಟು ಬಿದ್ದ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ, ಆ ಮಾತು ಮಾತ್ರ ವರದಿಗೆ ಸೇರುತ್ತದೆ.

ಅವತ್ತೇ ರಾತ್ರಿ ನಿಮ್ಮ ಭಾಷೆಯಲ್ಲೇ ನಡೆದದ್ದನ್ನು ಬರೆಯಿರಿ. ಹೊತ್ತು, ಬೆಳಕು, ರಸ್ತೆ ಒದ್ದೆಯಾ, ನೀವು ಯಾವ ಸಾಲಿನಲ್ಲಿದ್ದಿರಿ. ಅನುವಾದ ಆಮೇಲೆ ಮಾಡಿಸಬಹುದು. ಆಸ್ಪತ್ರೆಯ ಕಾಗದದಲ್ಲಿ ಗಾಯ ಯಾವ ಬದಿಗೆ ಅಂತ ಸರಿಯಾಗಿ ಬರೆಸಿಕೊಳ್ಳಿ. ನನ್ನ ವರದಿಯನ್ನು ಕೊನೆಗೆ ತಿದ್ದಿಸಿದ್ದು ಅದೊಂದೇ ಕಾಗದ. ಹಿಂದಿನಿಂದ ಪೆಟ್ಟು ಅಂತ ವೈದ್ಯರು ಬರೆದಿದ್ದರು.

ಚೈನೆಣ್ಣೆ

ಇದಕ್ಕೆ ಒಂದು ಸೇರಿಸಲೇ? ಅಪಘಾತವಾಗಲಿ ಕಳ್ಳತನವಾಗಲಿ, ಊರು ಬಿಡುವ ಮೊದಲು ದೂರಿನ ನಂಬರ್ ಪಡೆಯಿರಿ, ಠಾಣೆಯ ಮುದ್ರೆ ಇರುವ ಪ್ರತಿ ಕೇಳಿ. ಆ ಪ್ರತಿ ಇಲ್ಲದಿದ್ದರೆ ವಿಮೆಯವರು ಅರ್ಜಿ ಮುಟ್ಟುವುದೂ ಕಷ್ಟ. ದೂರು ಕೊಡಲು ವಿಮೆಯಲ್ಲಿ ಗಡುವು ಇರುತ್ತದೆ, ಹೊರಡುವ ಮೊದಲೇ ಓದಿಕೊಳ್ಳಿ. ಬಿದ್ದ ಸೈಕಲ್ಲನ್ನು ತುಳಿದು ಮುಂದೆ ಹೋಗುವ ಮುಂಚೆ ಮುಂಗವೆಯ (ಮುಂದಿನ ಚಕ್ರ ಹಿಡಿಯುವ ಫೋರ್ಕಿನ) ಬುಡ, ಹ್ಯಾಂಡಲ್ ಮತ್ತು ಕ್ಯಾರಿಯರಿನ ಬೋಲ್ಟುಗಳನ್ನು ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿ, ಹಾನಿಯ ಬಗ್ಗೆ ಅವನಿಂದ ಬರೆಸಿಕೊಳ್ಳಿ. ಅದು ಪೊಲೀಸರಿಗೂ ಸಾಕ್ಷಿ, ವಿಮೆಗೂ ಸಾಕ್ಷಿ.

ಫ್ರೇಮ್ ನಂಬರ್ ಹುಡುಕಲು ಸಿಗದಿದ್ದರೆ ಸೈಕಲ್ಲಿನ ಮಾದರಿ ಬರೆದು ಇಲ್ಲೇ ಹಾಕಿ, ಎಲ್ಲಿ ಕೊರೆದಿರುತ್ತಾರೆ ಅಂತ ಹೇಳುತ್ತೇನೆ. ನಂಬರ್ ಕಾಣುವ ಫೋಟೋವನ್ನು ಮಾತ್ರ ಯಾರೂ ಇಲ್ಲಿ ಹಾಕಬೇಡಿ.